ಬೈಪೋಲಾರ್ ಕಾಯಿಲೆಯ ಏರಿಳಿತ ಅನುಭವಿಸುವವರಿಗೆ ಹೇಗಿರುತ್ತದೆ?

ಬೆಳಿಗ್ಗೆ ಖುಷಿ, ಸಂಜೆ ಬೇಸರ ಇರುವವರನ್ನೆಲ್ಲ ಬೈಪೋಲಾರ್ ಎನ್ನಬಹುದೇ, ಅದನ್ನು ಅನುಭವಿಸುವುದು ಹೇಗಿರುತ್ತದೆ ಎಂದು ಕೇಳಿದ್ದೀರಿ. ಈ ಕಾಯಿಲೆಯ ಜೊತೆ ಹಲವು ವರ್ಷಗಳಿಂದ ಬದುಕುತ್ತಿರುವುದರಿಂದ ಉತ್ತರಿಸುತ್ತಿದ್ದೇನೆ. ದಿನದೊಳಗೆ ಬಂದುಹೋಗುವ ಬೇಸರ ಎಲ್ಲರಿಗೂ ಇರುವಂಥದ್ದು. ಬೈಪೋಲಾರ್ ಎಂದರೆ ಉನ್ಮಾದ (ಮಿತಿಮೀರಿದ ಹುರುಪು) ಮತ್ತು ಖಿನ್ನತೆ (ಮನಸ್ಸಿನ ಆಳವಾದ ಕುಸಿತ) ಎರಡೂ ಬಂದುಹೋಗುವ ಮಾನಸಿಕ ಕಾಯಿಲೆ. ಇದರಲ್ಲಿ ಉನ್ಮಾದ ಸಾಮಾನ್ಯವಾಗಿ ಕನಿಷ್ಠ ಒಂದು ವಾರ, ಖಿನ್ನತೆ ಕನಿಷ್ಠ ಎರಡು ವಾರ ಇರುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ತಿಂಗಳುಗಟ್ಟಲೆ ಎಳೆಯುವುದೂ ಉಂಟು.

ಉನ್ಮಾದ ಶುರುವಾದಾಗ ಅದು ಕಾಯಿಲೆ ಎಂದು ಅನ್ನಿಸುವುದೇ ಇಲ್ಲ. ಇಷ್ಟು ದಿನ ಮಂಕಾಗಿದ್ದವಳು ಈಗ ಸರಿಹೋದೆ ಎಂದೇ ಅನ್ನಿಸುತ್ತದೆ. ನಿದ್ರೆ ಬಾರದೆ ಹೊರಳಾಡುವ ಸಂಕಟ ಬೇರೆ, ಎರಡು ಮೂರು ಗಂಟೆ ಮಲಗೆದ್ದರೂ ದಣಿವೇ ಇಲ್ಲದಿರುವುದು ಬೇರೆ. ನಡುರಾತ್ರಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಒರೆಸತೊಡಗಿ, ಅದನ್ನು ಅರ್ಧಕ್ಕೇ ಬಿಟ್ಟು ಹೊಸ ವ್ಯಾಪಾರವೊಂದರ ಲೆಕ್ಕ ಬರೆಯಲು ಕೂತು, ಅದೂ ಮುಗಿಯುವ ಮೊದಲೇ ಹಳೆಯ ಗೆಳತಿಗೆ ಫೋನ್ ಹಚ್ಚಿದ್ದೇನೆ. "ಈ ಹೊತ್ತಿನಲ್ಲಿ ಯಾರಿಗೇ ಫೋನು, ಮಲಗಬಾರದಾ" ಎಂದ ಅಮ್ಮನ ಮೇಲೆ ಉಕ್ಕಿ ಬಂದ ಸಿಟ್ಟು ನೆನೆದರೆ ಈಗಲೂ ಮೈ ನಡುಗುತ್ತದೆ. ಉನ್ಮಾದವೆಂದರೆ ಅತಿಯಾದ ಸಂತೋಷ ಎಂದು ವಿವರಿಸುವವರು ಈ ಸಿಡುಕನ್ನು ಬಿಟ್ಟುಬಿಡುತ್ತಾರೆ. ಮನೆಯವರು ಹೆಚ್ಚು ನೋಯುವುದು ಇದರಿಂದಲೇ.

ಖಿನ್ನತೆಯಲ್ಲಿ ಅಳು ಬಂದರೂ ಸಾಕು ಎನ್ನಿಸುವಷ್ಟು ಎಲ್ಲವೂ ಜಡವಾಗಿರುತ್ತದೆ. ಬಚ್ಚಲಿನಲ್ಲಿ ಬಕೆಟ್ ತುಂಬ ಬಿಸಿನೀರು ಹಿಡಿದು, ಚೊಂಬು ಎತ್ತಲಾಗದೆ, ನೀರು ತಣ್ಣಗಾಗುವವರೆಗೆ ಸುಮ್ಮನೆ ಕೂತಿರುತ್ತೇನೆ. "ಮನಸ್ಸು ಗಟ್ಟಿ ಮಾಡಿಕೋ" ಎನ್ನುವವರಿಗೆ ಹೇಳುವುದಿಷ್ಟೇ: ಗಟ್ಟಿ ಮಾಡಿಕೊಳ್ಳಬೇಕಾದ ಮನಸ್ಸಿಗೇ ಆಗ ಕಾಯಿಲೆ. ಕೆಲವೊಮ್ಮೆ ಖಿನ್ನತೆಯ ನಿರಾಶೆ, ಉನ್ಮಾದದ ಚಡಪಡಿಕೆ ಎರಡೂ ಒಟ್ಟಿಗೆ ಬರುತ್ತವೆ. ಅದು ಎಲ್ಲಕ್ಕಿಂತ ಅಪಾಯದ ಹೊತ್ತು. ಸಾಯುವ ಯೋಚನೆ ಬಂದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ನನ್ನನ್ನು ಹಿಡಿದು ನಿಲ್ಲಿಸಿರುವುದು ಲಿಥಿಯಂ ಎಂಬ, ಮನಸ್ಸಿನ ಏರಿಳಿತ ತಗ್ಗಿಸುವ ಔಷಧಿ. ಉನ್ಮಾದಕ್ಕೆ ಅದರ ಉಪಯೋಗವನ್ನು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಪ್ರಕಟಿಸಿದ್ದು 1949ರಲ್ಲಿ. ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. ಆದ್ದರಿಂದ ಕೊನೆಯ ಮಾತ್ರೆ ನುಂಗಿ ಸುಮಾರು 12 ಗಂಟೆಯ ನಂತರ ರಕ್ತ ಕೊಟ್ಟು ಅದರಲ್ಲಿನ ಲಿಥಿಯಂ ಮಟ್ಟವನ್ನು ಆಗಾಗ ನೋಡಿಸಬೇಕು, ವೈದ್ಯರನ್ನು ಕೇಳದೆ ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ನುಂಗಬಾರದು.

ಇನ್ನೊಂದು ಮಾತು. ಖಿನ್ನತೆಗೆಂದು ಮೊದಲ ಸಲ ವೈದ್ಯರ ಬಳಿ ಹೋಗುವವರು ಹಿಂದಿನ ಉತ್ಸಾಹದ ದಿನಗಳನ್ನೂ ತಪ್ಪದೆ ಹೇಳಬೇಕು, ಏಕೆಂದರೆ ಬೈಪೋಲಾರ್ ಇದ್ದವರಿಗೆ ಬರಿಯ ಖಿನ್ನತೆಯ ಮಾತ್ರೆ ಕೊಟ್ಟರೆ ಉನ್ಮಾದ ಕೆರಳಬಹುದು. ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಆ ದಿನಗಳು ನಮಗೆ ಚೆನ್ನಾಗಿದ್ದ ದಿನಗಳೆಂದೇ ನೆನಪಿರುತ್ತವೆ.