ಸಾಣೆ ಹಿಡಿದ ಚಾಕಿಗೆ ಕೊನೆಯ ಕೈ: ಹಸಿರು ಬಾರೋ, ಡೈಮಂಡ್ ಪೇಸ್ಟೋ?

ಸ್ಟೇನ್‌ಲೆಸ್ ಸ್ಟೀಲ್ ಚಾಕು, ಇಳಿಗಿ ಎರಡನ್ನೂ 1000 ಗ್ರಿಟ್ (ಮಧ್ಯಮ ನಯದ) ಕಲ್ಲಿನ ಮೇಲೆ ಮಸೆಯುತ್ತೀರಿ. ಆಮೇಲೆ ಅಂಚನ್ನು ನಯ ಮಾಡುವ ಚರ್ಮದ ಪಟ್ಟಿಗೆ ಹಸಿರು, ಬಿಳಿ, ಕೆಂಪು ಪಾಲಿಶ್ ಬಾರ್, ಡೈಮಂಡ್ ಪೇಸ್ಟ್ ಇವುಗಳಲ್ಲಿ ಯಾವುದು ಹಚ್ಚಬೇಕು ಅಂತ ಕೇಳಿದ್ದೀರಿ. ಇಳಿಗಿಗೆ ಹಸಿರು, ಸ್ಟೀಲ್ ಚಾಕಿಗೆ 1 ಮೈಕ್ರಾನ್ ಡೈಮಂಡ್. ಒಂದೇ ಕೊಳ್ಳುವುದಾದರೆ ಡೈಮಂಡ್.

ಬಣ್ಣ ನೋಡಬೇಡಿ, ಉಕ್ಕು ನೋಡಿ. ಕಮ್ಮಾರರು ಲಾರಿ ಸ್ಪ್ರಿಂಗ್ ಪಟ್ಟಿ ಬಡಿದು ಮಾಡಿದ ಇಳಿಗಿಯಲ್ಲಿ ಗಟ್ಟಿ ಕಾರ್ಬೈಡ್ ಕಣ ಕಡಿಮೆ, ಹಸಿರು ಬಾರಿನ ಕ್ರೋಮಿಯಂ ಆಕ್ಸೈಡ್ ಅದನ್ನು ಸಲೀಸಾಗಿ ತೇಯುತ್ತದೆ. ಸ್ಟೇನ್‌ಲೆಸ್‌ಗೆ ಬಿಳಿ ಬಾರಿನ ಅಲ್ಯುಮಿನಾ ಕೂಡ ನಡೆಯುತ್ತದೆ, ಡೈಮಂಡ್ ಬೇಗ ಮುಗಿಸುತ್ತದೆ. ವೆನೇಡಿಯಂ ಹೆಚ್ಚಿರುವ ದುಬಾರಿ ಚಾಕಾದರೆ ಡೈಮಂಡೇ ಬೇಕು. ವೆನೇಡಿಯಂ ಕಾರ್ಬೈಡ್ ಅಲ್ಯುಮಿನಾಗಿಂತ ಗಟ್ಟಿ. ಬೇರೆ ಬಾರ್ ಉಜ್ಜಿದರೆ ಸುತ್ತಲಿನ ಉಕ್ಕು ಸವೆದು ಆ ಕಣ ಹಾಗೇ ಉಳಿಯುತ್ತದೆ.

ಕೆಂಪು ಬಾರ್ ಬಂಗಾರ, ಬೆಳ್ಳಿಗೆ ಹೊಳಪು ಕೊಡುವ ಕಬ್ಬಿಣದ ಆಕ್ಸೈಡ್. ಗಟ್ಟಿ ಉಕ್ಕಿಗೆ ಅದು ಬಹಳ ನಿಧಾನ. ಸಂಡೂರಿನ ಅದಿರೂ ಕಬ್ಬಿಣದ ಆಕ್ಸೈಡೇ ಅಂತ ಅದರ ಧೂಳು ಹಚ್ಚಲು ಹೋಗಬೇಡಿ. ಅದರಲ್ಲಿ ಮರಳಿನಂಥ ಒರಟು ಕಣ ಬೆರೆತಿರುತ್ತವೆ, ಒಂದೇ ಕಣ ಅಂಚಿನುದ್ದಕ್ಕೂ ಗೀರು ಹಾಕುತ್ತದೆ. ನಮ್ಮ ಬಳ್ಳಾರಿಯ ಧೂಳಿಗೆ ಪಟ್ಟಿಯನ್ನು ತೆರೆದಿಡಲೂಬಾರದು.

ಚರ್ಮ ಸಿಗದಿದ್ದರೆ ಜೀನ್ಸ್ ಬಟ್ಟೆಯ ತುಂಡು ಸಾಕು, ಅದಕ್ಕೆ ಈ ಊರಲ್ಲಿ ಬರವಿಲ್ಲ. ಹೊಲಿಗೆ ಇಲ್ಲದ ದಪ್ಪ ತುಂಡನ್ನು ಸಪಾಟಾದ ಮರದ ಪಟ್ಟಿಗೆ ಸುಕ್ಕಿಲ್ಲದೆ ಫೆವಿಕಾಲ್ ಹಾಕಿ ಅಂಟಿಸಿ. ಮೆತ್ತಗಿರುವ ದಪ್ಪ ಚರ್ಮ ಬೇಡ. ಅದು ತಗ್ಗಿ ಅಂಚನ್ನು ಸುತ್ತಿಕೊಂಡು ಬಾಯಿ ಮೊಂಡು ಮಾಡುತ್ತದೆ. 20 ಸೆಂ.ಮೀ. ಪಟ್ಟಿಗೆ ಜೋಳದ ಕಾಳಿನಷ್ಟು ಎರಡು ಚುಕ್ಕೆ ಡೈಮಂಡ್ ಪೇಸ್ಟ್ ಇಟ್ಟು ಬೆರಳಿನಿಂದ ಸವರಿ. ಎಣ್ಣೆಯಲ್ಲಿ ಕರಗುವ ಪೇಸ್ಟ್ ಒಣಗಿದ್ದರೆ ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ ಸಾಕು. ಕುಸುಬೆ ಎಣ್ಣೆ ಬೇಡ, ಒಣಗಿ ಅಂಟಾಗುತ್ತದೆ. ಹಸಿರು ಬಾರನ್ನು ಬಟ್ಟೆಯ ನೇಯ್ಗೆ ಕಾಣುವಷ್ಟೇ ತೆಳುವಾಗಿ ಉಜ್ಜಿ.

ಪಟ್ಟಿಗೆ ಬರುವ ಮುಂಚೆ ಬರ್, ಅಂದರೆ ಮಸೆದಾಗ ಅಂಚಿನಲ್ಲಿ ಮಡಚಿ ಉಳಿಯುವ ಉಕ್ಕಿನ ತೆಳು ಎಳೆ, ಇದೆಯೇ ನೋಡಿ. ಬೆನ್ನಿನಿಂದ ಅಂಚಿನ ಕಡೆಗೆ ಬೆರಳು ಸವರಿದಾಗ ಒಂದು ಬದಿಯಲ್ಲಿ ಏನೋ ತಡೆದಂತಾದರೆ ಉಕ್ಕಿನ ಎಳೆ ಇನ್ನೂ ಅಂಟಿಕೊಂಡಿದೆ. ಕಲ್ಲಿನ ಮೇಲೆಯೇ ಒಂದು ಬದಿ ಒಮ್ಮೆ, ಇನ್ನೊಂದು ಬದಿ ಒಮ್ಮೆ, ತೀರಾ ಹಗುರಾಗಿ ಎಳೆದು ತೆಗೆಯಿರಿ. ಪಟ್ಟಿ ಆ ಎಳೆಯನ್ನು ನೆಟ್ಟಗೆ ನಿಲ್ಲಿಸುತ್ತದೆ ಅಷ್ಟೇ: ಕಾಗದ ಚೆನ್ನಾಗಿ ಸೀಳುತ್ತದೆ, ನಾಲ್ಕು ಉಳ್ಳಾಗಡ್ಡಿ ಹೆಚ್ಚುವಷ್ಟರಲ್ಲಿ ಎಳೆ ಮುರಿದು ಚಾಕು ಮೊಂಡು.

ಚಾಕಿನ ಬೆನ್ನು ಮುಂದೆ, ಅಂಚು ಹಿಂದೆ. ಕಲ್ಲಿನ ಮೇಲಿದ್ದ ಓರೆಯೇ ಇರಲಿ, ಚಾಕಿನ ತೂಕ ಬಿಟ್ಟರೆ ಬೇರೆ ಒತ್ತು ಬೇಡ, ಒಂದೊಂದು ಬದಿಗೂ 8–10 ಎಳೆತ. ಕೊನೆಯಲ್ಲಿ ಮಣಿಕಟ್ಟು ಎತ್ತಿದರೆ ಅಂಚು ಉರುಟಾಗುತ್ತದೆ. ಇಳಿಗಿ ಕದಲುವುದಿಲ್ಲವಲ್ಲ, ಹಿಡಿಯಿರುವ ಸಣ್ಣ ಪಟ್ಟಿಯನ್ನೇ ಅದರ ಬೆನ್ನಿನಿಂದ ಅಂಚಿನ ಹೊರಗೆ ಎಳೆಯಿರಿ.

ಕಾಗದ ಸೀಳಿಯೂ ಟೊಮೆಟೊ ಸಿಪ್ಪೆಯ ಮೇಲೆ ಜಾರಿದರೆ ಪಾಲಿಶ್ ಅತಿಯಾಯಿತು. ಕಲ್ಲಿನ ಮೇಲೆ ಒಂದೊಂದು ಬದಿಗೂ ಮೂರು ಹಗುರ ಎಳೆತ, ಪಟ್ಟಿಯ ಮೇಲೆ ನಾಲ್ಕು ಸಾಕು. ಆಮೇಲೆ ಸೋಪಿನಿಂದ ತೊಳೆದೇ ಅಡುಗೆಗೆ ಬಳಸಿ. ಒಂದೊಂದು ಪೇಸ್ಟಿಗೂ ಬೇರೆ ಪಟ್ಟಿ ಇಟ್ಟು ಹಿಂದೆ ಮಾರ್ಕರಿನಲ್ಲಿ ಬರೆದಿಡಿ.