ವಿಲನ್ ಆಡಿಸಿದ ಹಾಗೆ ಹೀರೋಗಳು ಆಡುವ ಕಾಮಿಕ್ಸನ್ನು ಅರ್ಧಕ್ಕೇ ಬಿಟ್ಟುಬಿಡಲಾ?

"ಇಷ್ಟು ಬುದ್ಧಿವಂತ ಹೀರೋಗಳು ಇಷ್ಟು ಸುಲಭವಾಗಿ ಬಲೆಗೆ ಬೀಳ್ತಾರಾ? ಬರೆದವನು ಬೇಕಂತಲೇ ಅವರನ್ನ ದಡ್ಡರು ಮಾಡಿದ್ದಾನೆ" ಅಂದಿದ್ದೀರಿ. ಇದೇ ಮಾತನ್ನು ನಾನೂ ಆಡಿದ್ದೆ, ಅದೂ ಪುಸ್ತಕ ಓದೋಕೆ ಕೊಟ್ಟ ಗೆಳೆಯನ ಮುಂದೆಯೇ.

ಆ ಕಾಮಿಕ್ಸ್ 'ಟವರ್ ಆಫ್ ಬೇಬಲ್'. 2000ದಲ್ಲಿ ಬಂದ ಜಸ್ಟಿಸ್ ಲೀಗ್ (ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್ ಮುಂತಾದ ಸೂಪರ್‌ಹೀರೋಗಳ ತಂಡ) ಕಥೆ, ಮಾರ್ಕ್ ವೇಡ್ ಬರೆದದ್ದು. ವಿಲನ್ ರಾಸ್ ಅಲ್ ಗುಲ್ ಒಬ್ಬೊಬ್ಬರನ್ನೇ ಮಲಗಿಸುತ್ತಾ ಹೋಗುತ್ತಾನೆ. ಮಾರ್ಷಿಯನ್ ಮ್ಯಾನ್‌ಹಂಟರ್‌ನ ಮೈ ಗಾಳಿ ಸೋಕಿದರೆ ಸಾಕು, ಹೊತ್ತಿ ಉರಿಯುತ್ತದೆ. ಸಮುದ್ರವನ್ನೇ ಆಳುವ ಅಕ್ವಾಮ್ಯಾನ್‌ಗೆ ನೀರು ಕಂಡರೆ ಭಯ. ಗ್ರೀನ್ ಲ್ಯಾಂಟರ್ನ್‌ಗೆ ಕಣ್ಣೇ ಕಾಣುವುದಿಲ್ಲ. ವಂಡರ್ ವುಮನ್ ತನ್ನಷ್ಟೇ ಬಲ ಇರುವ ಒಬ್ಬಳ ಜೊತೆ ಬಡಿದಾಡುತ್ತಲೇ ಇರುತ್ತಾಳೆ. ಆದರೆ ಅಂಥ ಎದುರಾಳಿ ಅಲ್ಲಿ ಇಲ್ಲವೇ ಇಲ್ಲ, ಎಲ್ಲ ಬರೀ ಭ್ರಮೆ. ಬ್ಯಾಟ್‌ಮ್ಯಾನ್ ಇತ್ತ ತಿರುಗಿ ನೋಡಬಾರದು ಅಂತ ಅವನ ಅಪ್ಪ ಅಮ್ಮನ ಶವಪೆಟ್ಟಿಗೆಗಳನ್ನೇ ಕದ್ದು, ಅವನನ್ನು ಅದರ ಹಿಂದೆ ಓಡಿಸಿರುತ್ತಾನೆ.

ಇಷ್ಟಕ್ಕೇ ನನಗೆ ತಲೆ ಕೆಟ್ಟಿತು. ಪುಸ್ತಕ ಮುಚ್ಚಿ, ಗೆಳೆಯನಿಗೆ ಮಾರುದ್ದ ಮೆಸೇಜ್ ಹಾಕಿದೆ. "ಪೂರ್ತಿ ಓದಿದ್ಯಾ?" ಅಂತಷ್ಟೇ ಕೇಳಿದ. ಓದುವ ಅಗತ್ಯ ಇಲ್ಲ ಅಂದೆ. ಆಮೇಲೆ ಅವನು ನನಗೆ ಪುಸ್ತಕ ಕೊಡುವುದನ್ನೇ ನಿಲ್ಲಿಸಿದ.

ನನ್ನ ತಪ್ಪು ಪುಸ್ತಕ ಮುಚ್ಚಿದ್ದಲ್ಲ. ಬೇಜಾರಾದರೆ ಯಾರು ಬೇಕಾದರೂ ಮುಚ್ಚಬಹುದು. ಸಿಟ್ಟಲ್ಲಿ ಮೆಸೇಜ್ ಹಾಕಿದ್ದೂ ಅಲ್ಲ. ವಿಲನ್ ಏನು ಮಾಡ್ತಾನೆ ಅನ್ನೋದನ್ನಷ್ಟೇ ನೋಡ್ತಾ ಕೂತಿದ್ದೆ, ಇಷ್ಟೆಲ್ಲ ಅವನಿಗೆ ಹೇಗೆ ಗೊತ್ತಾಯ್ತು ಅಂತ ಒಂದು ಸಲವೂ ಕೇಳಿಕೊಳ್ಳಲಿಲ್ಲ. ನೋಡಿ, ಒಂದೊಂದು ಪೆಟ್ಟೂ ಸರಿಯಾದ ಜಾಗಕ್ಕೇ ಬೀಳುತ್ತಿದೆ. ಯಾರಿಗೆ ಬೆಂಕಿ ಆಗಲ್ಲ, ಯಾರು ಸೋಲನ್ನು ಒಪ್ಪಲ್ಲ, ಎಲ್ಲ ಗೊತ್ತಿದೆ. ಹೊರಗಿನವನಿಗೆ ಇದು ಗೊತ್ತಿರುತ್ತಾ? ಜೊತೆಗಿದ್ದವನಿಗೆ ಮಾತ್ರ ಗೊತ್ತಿರುತ್ತೆ. ಸುಳಿವು ಪ್ರತಿ ಪುಟದಲ್ಲೂ ಇತ್ತು. ನಾನು ಅದನ್ನೇ ಬರೆದವನ ಸೋಮಾರಿತನ ಅಂತ ಬೈದೆ.

ಆ ಯೋಜನೆಗಳೆಲ್ಲ ಬ್ಯಾಟ್‌ಮ್ಯಾನ್‌ನದೇ. ಜೊತೆಗಾರರು ಎಂದಾದರೂ ತಿರುಗಿಬಿದ್ದರೆ ತಡೆಯೋಕೆ ಅಂತ ಗುಟ್ಟಾಗಿ ಮಾಡಿಟ್ಟಿದ್ದ ಫೈಲುಗಳು. ವಿಲನ್ ಅವನ್ನೇ ಕದ್ದು ಬಳಸಿದ. ಕೊನೆಯಲ್ಲಿ ಬ್ಯಾಟ್‌ಮ್ಯಾನ್ ತಂಡದಲ್ಲಿ ಇರಬೇಕಾ ಬೇಡ್ವಾ ಅಂತ ಮತ ಹಾಕುತ್ತಾರೆ, ಅವನು ಹೊರಗೆ ಹೋಗುತ್ತಾನೆ. (ನಾನಿದ್ದಿದ್ದರೂ ಹೊರಗೆ ಹಾಕು ಅಂತಲೇ ಹೇಳುತ್ತಿದ್ದೆ. ಫೈಲು ಮಾಡಿದ್ದಕ್ಕಲ್ಲ, ಒಬ್ಬರಿಗೂ ಹೇಳದೆ ಇದ್ದದ್ದಕ್ಕೆ.)

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಹೀರೋಗಳು ದಡ್ಡರಾದರೆ ಮಾತ್ರ ಮೋಸ ಹೋಗುತ್ತಾರೆ ಅಂತ ನೀವು ಅಂದುಕೊಂಡಿದ್ದೀರಿ. ಒಳ್ಳೆ ವಿಲನ್‌ಗೆ ಸುಳ್ಳು ಹೇಳುವ ಕೆಲಸವೇ ಇರಲ್ಲ, ಹೀರೋಗಳು ಒಬ್ಬರಿಂದ ಒಬ್ಬರು ಮುಚ್ಚಿಟ್ಟದ್ದನ್ನು ಹೊರಗೆ ತಂದರೆ ಸಾಕು. ಬರೀ ಕಣ್ಕಟ್ಟು ಅಂದರೆ 1963ರ ಮೊದಲ 'ಅವೆಂಜರ್ಸ್' ಸಂಚಿಕೆ: ರೈಲು ಹಳಿ ಮೇಲೆ ಇಲ್ಲದ ಡೈನಮೈಟ್ ತೋರಿಸಿ ವಿಲನ್ ಲೋಕಿ ಹಲ್ಕ್‌ನನ್ನು ಸಿಕ್ಕಿಸುತ್ತಾನೆ. ಅಲ್ಲಿ ಯಾರಿದ್ದರೂ ಮೋಸ ಹೋಗುತ್ತಿದ್ದರು, ಅದರಿಂದ ಹಲ್ಕ್ ಬಗ್ಗೆ ನಮಗೆ ಹೊಸದೇನೂ ತಿಳಿಯಲ್ಲ.

ಯಾವ ಕಾಮಿಕ್ಸ್ ಅಂತ ನೀವು ಹೇಳಿಲ್ಲ. ಮನಸ್ಸನ್ನೇ ವಶ ಮಾಡಿಕೊಳ್ಳುವ ಕಥೆಯಾದರೆ ಸಿಟ್ಟು ಜಾಸ್ತಿ ಬರುತ್ತೆ, ಗೊತ್ತು. ಆದರೂ 2005ರ ಒಂದು ಕಥೆಯಲ್ಲಿ ವಿಲನ್ ಮ್ಯಾಕ್ಸ್‌ವೆಲ್ ಲಾರ್ಡ್ ಸೂಪರ್‌ಮ್ಯಾನ್‌ನನ್ನು ಹಾಗೇ ವಶ ಮಾಡಿಕೊಂಡಾಗ ನಾನು ಸೂಪರ್‌ಮ್ಯಾನ್ ಕಡೆ ನೋಡಲೇ ಇಲ್ಲ. ವಂಡರ್ ವುಮನ್ ಲಾರ್ಡ್‌ನನ್ನು ಸತ್ಯ ಹೇಳಿಸುವ ಹಗ್ಗದಲ್ಲಿ ಕಟ್ಟಿ, ಇದನ್ನು ನಿಲ್ಲಿಸೋದು ಹೇಗೆ ಅಂತ ಕೇಳುತ್ತಾಳೆ. ನನ್ನನ್ನು ಕೊಲ್ಲು ಅನ್ನುತ್ತಾನೆ. ಅವಳು ಕತ್ತು ಮುರಿಯುತ್ತಾಳೆ. ವಶವಾಗದೆ ಉಳಿದವರು ಏನು ಮಾಡ್ತಾರೆ ಅಂತ ನೋಡಿ, ನಿಮ್ಮ ಕಾಮಿಕ್ಸ್‌ನಲ್ಲೂ ಅಂಥವರು ಒಬ್ಬರಾದರೂ ಇರಬೇಕು. ಯಾರೂ ಇಲ್ಲದಿದ್ದರೆ ಆಗ ಧಾರಾಳವಾಗಿ ಬಿಟ್ಟುಬಿಡಿ.