ಮೊಡವೆಗೆ ಅಂತ ಅಡಾಪಲಿನ್ ಜೆಲ್ ಹಚ್ಚಿದ ಮೇಲೆ ಮುಖದ ಸಿಪ್ಪೆ ಏಳುತ್ತಿದೆ, ನಿಲ್ಲಿಸಬೇಕಾ?

ಎರಡೇ ವಾರಕ್ಕೆ ಉರಿ, ಸಿಪ್ಪೆ ಅಂದರೆ ಹೆಚ್ಚಾಗಿ ಅಲರ್ಜಿಯಲ್ಲ, ಜೆಲ್ ಜಾಸ್ತಿಯಾಗಿದೆ. ದಿನಾ ರಾತ್ರಿ ದಪ್ಪಗೆ ಹಚ್ಚುತ್ತೇನೆ ಅಂತ ನೀವೇ ಬರೆದಿದ್ದೀರಲ್ವಾ. ಮಡಿಕೇರಿಯ ಜನವರಿ ಚಳಿಗೆ ಚರ್ಮ ಮೊದಲೇ ಒಡೆದಿರುತ್ತದೆ.

ಮೂರ್ನಾಲ್ಕು ದಿನ ಜೆಲ್ ಬಿಡಿ, ಬರೀ ಮಾಯಿಶ್ಚರೈಸರ್ ಸಾಕು. ಉರಿ ಇಳಿದ ಮೇಲೆ ರಾತ್ರಿ ಬಿಟ್ಟು ರಾತ್ರಿ ಶುರು ಮಾಡಿ. ತೊಳೆದ ಮುಖ ಪೂರ್ತಿ ಒಣಗಲಿ. ಮೊದಲು ಮಾಯಿಶ್ಚರೈಸರ್, ಆಮೇಲೆ ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟೇ ಜೆಲ್. ಕಣ್ಣು, ತುಟಿಯ ಹತ್ತಿರ ಬೇಡ. ನಿಂಬೆರಸ, ಸ್ಕ್ರಬ್ ಅಂತೂ ಮುಟ್ಟಬೇಡಿ. ಕಾಫಿ ಕೊಯ್ಲಿಗೆ ತೋಟಕ್ಕೆ ಇಳಿಯುವ ಮುಂಚೆ ಸನ್‌ಸ್ಕ್ರೀನ್ ಇರಲಿ.

ಮೊಡವೆ ಇಳಿಯಲು 8ರಿಂದ 12 ವಾರ ಬೇಕು. ಮುಖ ಊದಿದರೆ, ನೀರು ಜಿನುಗಿದರೆ ನನ್ನ ಅಂದಾಜು ತಪ್ಪಿರಬಹುದು, ನಿಲ್ಲಿಸಿ ಚರ್ಮದ ಡಾಕ್ಟರಿಗೆ ತೋರಿಸಿ. ಗರ್ಭಿಣಿಯಾಗಿದ್ದರೆ ಹಚ್ಚಲೇಬೇಡಿ.